ಗಸಿ

ಇನ್ನಾಸಪ್ಪ ಆ ಸೀಸೆಯನ್ನು ಹಳೇ ಲುಂಗಿಯಲ್ಲಿ ಸುತ್ತಿ ತಂದದ್ದು
ಎರಡು ಸಾವಿರದ ಎರಡರ ಆಷಾಢದಲ್ಲಿ.
ಗುರುಮಠದ ನೆಲಮಾಳಿಗೆಯಲ್ಲಿ
ಪೂಜೆಯ ದ್ರಾಕ್ಷಾರಸ ಕಾಯುವವನು ಅವನು;
ವರ್ಷಕ್ಕೊಮ್ಮೆ ಅದರ ಲೆಕ್ಕ ಕೇಳಲು ಹೋಗುವವಳು ನಾನು,
ಅಬಕಾರಿ ಇಲಾಖೆಯ ಕೆಮಿಸ್ಟ್.
"ಊರಿಗೆ ಹೊರಟ ಫ್ರಾನ್ಸಿನ ಸ್ವಾಮಿಗಳು ಕೊಟ್ಟರು ಮೇಡಂ.
ಬರ್ಗಂಡಿ. ಇಪ್ಪತ್ತು ವರ್ಷ ಮುಟ್ಟಬಾರದಂತೆ.
ನಿಮ್ಮ ಮನೇಲಿಟ್ಟರೆ ಯಾರು ತಪಾಸಣೆಗೆ ಬರ್ತಾರೆ?"

ಆಗ ಪಾಟರಿ ಟೌನಿನಲ್ಲಿ ಮೇ ತಿಂಗಳಲ್ಲೂ
ನಸುಕಿಗೆ ಹೊದಿಕೆ ಬೇಕಿತ್ತು.
ಆಮೇಲೆ ಬೇಡವಾಯಿತು.
ಕುಂಬಾರ ಕಣ್ಣಿಯಪ್ಪನ ಹತ್ತಿರ
ಒಂದರೊಳಗೊಂದು ಕೂರುವ ಎರಡು ಗುಡಾಣ ಮಾಡಿಸಿದೆ;
ನಡುವೆ ಮರಳು, ಮರಳಿಗೆ ನೀರು, ಮೆಟ್ಟಿಲ ಕೆಳಗಿನ ಕತ್ತಲು.
ಬಿರಡೆ ನೆನೆದಿರಲೆಂದು ಸೀಸೆಯನ್ನು ಓರೆಯಾಗಿ ಮಲಗಿಸಿದೆ.
ಶನಿವಾರ ಶನಿವಾರ ಒಂದು ತಂಬಿಗೆ.
ತುಳಸಿಗೂ ಅಷ್ಟು ನಿಷ್ಠೆಯಿಂದ ಎರೆದವಳಲ್ಲ.

ಮೂವತ್ತೊಂದು ವರ್ಷ ನಾನು ಮೂಸಿದ್ದು
ಜಪ್ತಿಯಾದ ಪ್ಯಾಕೆಟ್ ಸಾರಾಯಿ, ಕ್ಯಾನುಗಳ ಸ್ಪಿರಿಟ್.
ಕಣ್ಣು ಕಳೆಯುವ ಮೆಥನಾಲ್ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.
ರಿಜಿಸ್ಟರಿನಲ್ಲಿ ವಾಸನೆಗೆ ಒಂದೇ ಕಾಲಂ,
ಅದರಲ್ಲಿ ಬರೆಯುವುದು ಒಂದೇ ಪದ:
ವಿಶಿಷ್ಟ.

ಸುರಂಗ ಕೊರೆಯುವ ಯಂತ್ರ ಮನೆಯ ಅಡಿಗೇ ಬಂದ ರಾತ್ರಿ
ಸ್ಟೀಲ್ ಲೋಟಗಳು ತಮ್ಮಷ್ಟಕ್ಕೆ ಗೊಣಗತೊಡಗಿದವು.
ಟಾರ್ಚ್ ಹಿಡಿದು ನೋಡಿದರೆ
ಎರಡು ದಶಕ ಮಲಗಿದ್ದ ಗಸಿ ಎದ್ದು
ಸೀಸೆಯೊಳಗೆ ಹೊಗೆಯ ಹಾಗೆ ಅಲೆಯುತ್ತಿತ್ತು.

ಫೋನು ಮಾಡಿದೆ: "ಇನ್ನು ಕಾಯೋದು ಬೇಡ."
ಆಚೆ ಸ್ವಲ್ಪ ಹೊತ್ತು ಮಾತಿಲ್ಲ.
"ಕೋವಿಡ್ಡಿನಲ್ಲಿ ಹೋದ ಮೂಗು ವಾಪಸು ಬಂದಿಲ್ಲ ಮೇಡಂ.
ಹಾಲು ಹೊತ್ತಿದ್ದೂ ಗೊತ್ತಾಗಲ್ಲ.
ಆದರೂ ಬರ್ತೀನಿ. ಎಂಟು ದಿನ ಸೀಸೆ ನೆಟ್ಟಗೆ ನಿಲ್ಲಿಸಿಡಿ."

ಭಾನುವಾರ ಪೂಜೆ ಮುಗಿಸಿ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ.
ಬಿರಡೆ ಅರ್ಧಕ್ಕೆ ಮುರಿಯಿತು; ಉಳಿದದ್ದನ್ನು
ನನ್ನ ಹೇರ್‌ಪಿನ್ನಿನಿಂದ ಎಬ್ಬಿಸಿದೆವು.
ಮೇಣದಬತ್ತಿಯ ಮುಂದೆ ಸೀಸೆ ಬಾಗಿಸಿ
ನೂಲಿನಷ್ಟು ಧಾರೆಯಲ್ಲಿ ಹೂಜಿಗೆ ಇಳಿಸಿದ.
ಮಾಸಲು ನೆರಳೊಂದು ಕತ್ತಿನ ತನಕ ತೆವಳಿದ ಕೂಡಲೇ
ಕೈ ನಿಂತಿತು.
ಲೋಟದ ಅಂಚಿನಲ್ಲಿ
ಆವಿಗೆಯಿಂದ ಆಗಷ್ಟೇ ತೆಗೆದ ಮಡಕೆಯ ಬಣ್ಣ.

"ಹೇಳಿ ಮೇಡಂ. ನಿಮ್ಮ ಮೂಗಲ್ಲಿ ಕುಡೀತೀನಿ."

ಸ್ವಾಮಿಗಳು ಚೀಟಿಯಲ್ಲಿ ವಯೊಲೆಟ್ ಎಂದು ಬರೆದಿದ್ದರು.
ನಾನು ವಯೊಲೆಟ್ ಮೂಸಿದವಳಲ್ಲ.
ವಿಶಿಷ್ಟ ಅನ್ನೋಣವೆಂದರೆ
ಅವನು ನನ್ನನ್ನೇ ನೋಡುತ್ತಿದ್ದ. ಕಣ್ಣು ಮುಚ್ಚಿದೆ.
ಫುಟ್‌ಪಾತಿನಲ್ಲಿ ಬಿದ್ದು ಜಜ್ಜಿದ ನೇರಳೆ, ಎರಡನೆಯ ದಿನದ್ದು.
"ಹೂಂ."
ಬೀಡಿ ಕಟ್ಟುವವರ ಮೊರದ ಎಲೆ. ಮೂರು ವರ್ಷದ ಹುಣಸೆ.
ಗುಡುಗಿನ ಮಾರನೆ ದಿನ ಅಣಬೆ ಕಿತ್ತ ಜಾಗ.
"ಆಮೇಲೆ?"
ಆಮೇಲೆ ನಿಮ್ಮ ನೆಲಮಾಳಿಗೆ, ಇನ್ನಾಸಪ್ಪ.
ಬಾಗಿಲು ತೆಗೆದಾಗ ಮೊದಲು ಮುಖಕ್ಕೆ ಬರ್ತಿತ್ತಲ್ಲ, ಅದು.

ಅವನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು
ಬಹಳ ಹೊತ್ತು ಕಾದ.
"ಹುಳಿ ಇದೆ, ಸ್ವಲ್ಪ. ಒಗರಿಲ್ಲ.
ಒಗರು ಮೂಗಿನ ಕೆಲಸ ಅಲ್ಲ ಮೇಡಂ, ಅದು ಒಸಡು ಹಿಡಿಯುತ್ತೆ.
ಎಳೇದರಲ್ಲೇ ತೆಗೆದಿದ್ದರೆ ನನಗೂ ಒಂದಿಷ್ಟು ಸಿಗ್ತಿತ್ತು.
ಅದು ಹೋಗಲಿ ಅಂತಲೇ ಕಾದೆವಲ್ಲ."

ನಾನೆರೆದ ಸಾವಿರದ ಚಿಲ್ಲರೆ ತಂಬಿಗೆ ನೀರು
ಒಮ್ಮೆಲೇ ಮೊಣಕಾಲಿಗೆ ಬಂದಂತಾಯಿತು.

ಸಂಜೆಗೆ ಘಮ ತೆಳುವಾಗಿ, ತೆಳುವಾಗಿ,
ಒಗೆದ ಸೀರೆಯಲ್ಲಿ ಉಳಿದ ಕರ್ಪೂರದಷ್ಟಾಯಿತು.
ಅಡಿಯಲ್ಲಿ ಸುರಂಗ ಸುಮ್ಮನಿತ್ತು, ರೈಲು ಇನ್ನೂ ಬಂದಿಲ್ಲ.

ಏಳುವ ಹೊತ್ತಿಗೆ ಅವನು ಸೀಸೆಯತ್ತ ಕೈ ಮಾಡಿದ:
"ಅದನ್ನ ಚೆಲ್ಲಬೇಡಿ."
ತಳದ ಗಸಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ
ಒಂದೇ ಸಲಕ್ಕೆ ಎತ್ತಿದ.
ಹಲ್ಲಿನ ನಡುವೆ ಕರಕರ ಎಂದಿರಬೇಕು.
ತುಟಿ ಒಳಕ್ಕೆ ಎಳೆದುಕೊಂಡಿತು, ಕೆನ್ನೆ ಬಿಗಿಯಿತು,
ಎಳೇ ಬಾಳೆಕಾಯಿ ಕಚ್ಚಿದ ಹುಡುಗನ ಮುಖ.

"ಇಲ್ಲಿ ಕೂತಿದೆ," ಎಂದ,
ಬೆರಳಿನಿಂದ ಲೋಟದ ಒಳಗನ್ನು ಬಳಿಯುತ್ತ.